ಕಣ್ಣು ದಾಟಿದ ಗೆರೆ

ಈ ಗುರುಶಿಷ್ಯರ ಕತೆಯನ್ನು ನನಗೆ ಮೊದಲು ಹೇಳಿದವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಕುಮುದಿನಿ ಮೇಡಂ. ಅವರ ತರಗತಿಯಲ್ಲಿ ನಾವು ಯಾರೂ ಮಿಸುಕುತ್ತಿರಲಿಲ್ಲ. ಅದು ಶ್ರದ್ಧೆಯಲ್ಲ ಎಂದು ಅವರಿಗೆ ಗೊತ್ತಿತ್ತು.

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಈಗ ನಾನು ಬೆಳಗಿನಿಂದ ಸಂಜೆಯವರೆಗೆ ಮಿಸುಕದೆ ಕೂರಬಲ್ಲೆ. ಕಾಗೆ ಕೂಡ ಬಂದು ಹೆಗಲ ಮೇಲೆ ಕೂರುತ್ತದೆ. ಇನ್ನೇನು ಬಾಕಿ?"

ಗುರು ಹೇಳಿದರು:

ಒಬ್ಬ ಪಂಡಿತನಿದ್ದ. ಚಳಿಗಾಲಕ್ಕೆ ದೂರದೇಶದಿಂದ ಬರುವ ಹದ್ದುಗಳನ್ನು ಗುರುತಿಸುವುದು ಅವನ ವಿದ್ಯೆ. ಒಂದು ಮಾತ್ರ ಅವನನ್ನು ಕಾಡಿತು. ಬಂದ ಹದ್ದೂ ಮಣ್ಣಿನ ಬಣ್ಣ, ಇಲ್ಲಿಯದೂ ಮಣ್ಣಿನ ಬಣ್ಣ. ಇಲ್ಲಿಯದರ ಕೊಕ್ಕಿನಿಂದ ಹಿಂದಕ್ಕೆ ಸಾಗುವ ಬಾಯಿಯ ಗೆರೆ ಕಣ್ಣಿನ ಕೆಳಗೇ ನಿಲ್ಲುತ್ತದೆ. ದೂರದಿಂದ ಬಂದದ್ದರ ಗೆರೆ ಕಣ್ಣನ್ನು ದಾಟುತ್ತದೆ. ಅದು ಕಾಣಬೇಕಾದರೆ ಹಕ್ಕಿ ತೀರ ಹತ್ತಿರ ಬರಬೇಕು.

ಸತ್ತ ದನಗಳನ್ನು ಎಸೆಯುವ ಬಯಲಿನಲ್ಲಿ ಅವನು ಕಂಬಳಿ ಹೊದ್ದು ಕೂತ. ಮಿಸುಕಿದರೆ ಹದ್ದುಗಳು ಹಾರುತ್ತಿದ್ದವು. ಮಿಸುಕುವುದನ್ನು ಬಿಟ್ಟ. ಕೆಮ್ಮು ಬಂದರೆ ನುಂಗಿಕೊಂಡ. ಹಕ್ಕಿ ಹತ್ತಿರವಿದ್ದಾಗ ಹೆಂಡತಿ ಕರೆದರೂ ಓಗೊಡುತ್ತಿರಲಿಲ್ಲ. ಅವಳು ಬುತ್ತಿ ಹಿಡಿದು ದೂರದಲ್ಲೇ ಕಾಯುತ್ತಿದ್ದಳು. ಹದ್ದುಗಳು ದಿನದಿನಕ್ಕೆ ಹತ್ತಿರವಾದವು.

ಒಂದು ಸಂಜೆ ಅವಳು ಹೇಳಿದಳು: "ರೀ, ಅಲ್ಲಿ ಎತ್ತು ಸತ್ತು ಬಿದ್ದಿದೆ. ಒಂದು ಹದ್ದೂ ಅದರ ಕಡೆ ನೋಡ್ತಿಲ್ಲ. ಎಲ್ಲವೂ ನಿಮ್ಮ ಕಡೆಗೇ ಮುಖ ಮಾಡಿ ಕೂತಿವೆ. ಆಗಾಗ ಕೈಯನ್ನಾದರೂ ಆಡಿಸಿ."

ಅವನು ನಕ್ಕ: "ಇಷ್ಟು ಬೇಗ ಅವು ನನಗೆ ಒಗ್ಗಿಕೊಂಡವು ಕಣೇ. ಒಗ್ಗಿಕೊಳ್ಳೋದು ನಿನ್ನ ಕೈಲಿ ಇನ್ನೂ ಆಗಲಿಲ್ಲ ನೋಡು."

ಮರುದಿನ ಚಳಿ ಜೋರಾಗಿತ್ತು. ಹೆಂಡತಿ ಬುತ್ತಿ ತಂದು ಕರೆದಳು. ಅವನು ಓಗೊಡಲಿಲ್ಲ. ಪಕ್ಕದಲ್ಲೇ ಒಂದು ಹದ್ದು ಕೂತಿತ್ತು. ಇಷ್ಟು ದಿನ ಕಾದದ್ದು ಬಂತಲ್ಲ ಎಂದುಕೊಂಡು ಅವಳು ದೂರದಲ್ಲೇ ನಿಂತಳು. ಅನ್ನ ಆರಿತು. ಹದ್ದು ಅವನ ಮೊಣಕಾಲಿಗೆ ಏರಿತು. ಕಂಬಳಿ ಜಾರಿ ಬಿತ್ತು. ಅವನು ಅದನ್ನು ಎಳೆದುಕೊಳ್ಳಲಿಲ್ಲ.

ಆಗ ಅವಳು ಅವನ ಬಳಿಗೆ ಓಡಿದಳು. ಹದ್ದು ಹಾರಲಿಲ್ಲ. ಅವಳತ್ತ ತಿರುಗಿ ಬಾಯಿ ತೆರೆಯಿತು. ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿತ್ತು. ಅವನ ಕಣ್ಣುಗಳೂ ತೆರೆದೇ ಇದ್ದವು. ಗೆರೆಯನ್ನು ನೋಡಿದ್ದು ಮಾತ್ರ ಅವಳೊಬ್ಬಳೇ.

ಶಿಷ್ಯ ಮೆಲ್ಲಗೆ ಕೇಳಿದ: "ಹಾಗಾದರೆ ಅವು ಅವನಿಗೆ ಒಗ್ಗಿರಲಿಲ್ಲವೇ?"

"ಇಲ್ಲ ಮಗು, ಕಾಯುತ್ತಿದ್ದವು."

ಶಿಷ್ಯ ಕಾಲ್ಬೆರಳನ್ನು ಆಡಿಸಿದ.

ನಿಮ್ಮ ಮನೆಯಲ್ಲೂ ಕೂತಲ್ಲೇ ಕೂತವರು ಒಬ್ಬರಿರುತ್ತಾರೆ. ಅವರಿಗೆ ಈ ಕತೆ ಹೇಳಿ. ಹೇಳುತ್ತಾ, ಅವರು ಹೂಂಗುಟ್ಟುತ್ತಾರೋ ಇಲ್ಲವೋ ನೋಡಿಕೊಳ್ಳಿ.