ಬಡಗಿ ಎಸೆದ ಜಪಸರ

"ಗುರುಗಳೇ, ತಾಯಿ ಸತ್ತ ದುಃಖದಲ್ಲಿ ದೇವರನ್ನೇ ಬೈಯುವವರಿಗೆ ಏನು ಹೇಳಬೇಕು?"

ಕ್ರೈಸ್ತ ದೇವಾಲಯದಲ್ಲಿ ಧರ್ಮಬೋಧೆ ಮಾಡುವ ಉಪದೇಶಿಯ ಕೆಲಸ ಕಲಿಯುತ್ತಿದ್ದ ಶಿಷ್ಯ ಹೀಗೆ ಕೇಳಿದ. ಅವನ ಮುಖ ಅವಮಾನದಿಂದ ಕೆಂಪಗಾಗಿತ್ತು. ಆ ಬೆಳಿಗ್ಗೆ ಅವನು ಸಾವಾದ ಒಂದು ಮನೆಗೆ ಸಮಾಧಾನ ಹೇಳಲು ಹೋಗಿದ್ದ. ಸತ್ತವಳ ಮಗಳು, "ನಿನ್ನ ದೇವರನ್ನೂ ಜೊತೆಗೆ ಕರ್ಕೊಂಡು ಹೊರಡು" ಎಂದು ಅವನನ್ನು ಹೊರಗೆ ಅಟ್ಟಿದ್ದಳು.

"ನಾನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ ಗುರುಗಳೇ. ಸತ್ತವರು ಮತ್ತೆ ಏಳುತ್ತಾರೆಂಬ ಪುನರುತ್ಥಾನದ ಮಾತನ್ನೇ ಹೇಳಿದೆ. ಇಂಥವರಿಗೆ ಏನು ಹೇಳಿದರೆ ನಾಟುತ್ತದೆ?"

ಗುರುಗಳಿಗೆ ವಯಸ್ಸಾಗಿತ್ತು. ಅವರ ಸಿಟ್ಟಿಗೆ ವಯಸ್ಸಾಗಿರಲಿಲ್ಲ. "ನಾಟುವುದಕ್ಕೆ ಅದೇನು ಮೊಳೆಯೇನಯ್ಯಾ?" ಎಂದು ಗದರಿದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಡಗಿಯಿದ್ದ. ಅವನಿಗೆ ತಾಯಿ, ತಾಯಿಗೆ ಅವನು. ಮನೆಯಲ್ಲಿ ಮೂರನೆಯವರೆಂದರೆ ದೂರದ ಗುಡ್ಡದ ಮೇಲಿನ ಆರೋಗ್ಯಮಾತೆ, ಯೇಸುವಿನ ತಾಯಿ. ಆ ತಾಯಿ ಮದುವೆಯಾದ ಹೊಸದರಲ್ಲಿ ಆ ಗುಡ್ಡಕ್ಕೆ ನಡೆದು ಹೋಗಿ ಮರದ ಮಣಿಯ ಒಂದು ಜಪಸರ ತಂದಿದ್ದಳು. ಅದು ಆಕೆಯ ಕೈಬಿಟ್ಟು ಇಳಿದದ್ದೇ ಇಲ್ಲ. ಒಲೆ ಊದುವಾಗಲೂ ಬೆರಳಿನಲ್ಲಿ ಜೋತಾಡುತ್ತಿತ್ತು. "ಅವ್ವ, ಆ ಮಾತೆಗೂ ಒಂಚೂರು ಬಿಡುವು ಕೊಡು" ಎಂದು ಮಗ ರೇಗಿಸುತ್ತಿದ್ದ. "ತಾಯಾದವಳಿಗೆ ಎಂಥ ಬಿಡುವು ಮಗ?" ಎಂದು ಆಕೆ ನಗುತ್ತಿದ್ದಳು.

ಆ ತಾಯಿಗೆ ಉಬ್ಬಸ ಹಿಡಿಯಿತು. ಯಾವ ಮದ್ದಿಗೂ ಬಗ್ಗಲಿಲ್ಲ. ಆಗ ಬಡಗಿ ಹರಕೆ ಹೊತ್ತ. ಅವ್ವ ಎದ್ದು ಓಡಾಡುವಂತಾದರೆ ಆಕೆಯ ಎತ್ತರದ ಮೇಣದ ಬತ್ತಿಯನ್ನು ಹೆಗಲ ಮೇಲಿಟ್ಟುಕೊಂಡು ಗುಡ್ಡಕ್ಕೆ ನಡೆದು ಬರುತ್ತೇನೆಂದ. ಕೇರಿಯವರೆಲ್ಲ ಅವನ ಮನೆಯಲ್ಲೇ ಸೇರಿ ಒಂಬತ್ತು ದಿನದ ನವೇನ ಪ್ರಾರ್ಥನೆ ಹಿಡಿದರು. ಒಂಬತ್ತನೆಯ ದಿನ ಒಬ್ಬರು, "ರೋಗಿಗಳ ಆರೋಗ್ಯವೇ" ಎಂದು ಮಾತೆಯನ್ನು ಕರೆದರು. "ನಮಗಾಗಿ ಪ್ರಾರ್ಥಿಸಿರಿ" ಎಂದು ಉಳಿದವರು ಓಗೊಡುವಷ್ಟರಲ್ಲಿ ಆಕೆಯ ಉಸಿರು ನಿಂತುಹೋಯಿತು.

ಬೇರೆ ಯಾವಾಗಲಾದರೂ ನಿಂತಿದ್ದರೆ ಬಡಗಿ ತಡೆದುಕೊಳ್ಳುತ್ತಿದ್ದನೋ ಏನೋ. ಆ ಮಾತಿನ ಮೇಲೇ ನಿಂತದ್ದನ್ನು ಅವನು ತಡೆದುಕೊಳ್ಳಲಾರದೆ ಹೋದ. ಯಾರೋ ತನ್ನನ್ನು ಒಂಬತ್ತು ದಿನ ಮೊಣಕಾಲ ಮೇಲೆ ನಿಲ್ಲಿಸಿ, ಕೊನೆಗೆ ಮುಖಕ್ಕೆ ಉಗಿದಂತೆ ಅವನಿಗೆ ಅನ್ನಿಸಿತು. ಕಣ್ಣಿನಿಂದ ಒಂದು ಹನಿ ಉದುರಲಿಲ್ಲ. ಶವದ ಪೆಟ್ಟಿಗೆಯನ್ನು ತಾನೇ ಮಾಡಿದ. ಸಹಾಯಕ್ಕೆ ಬಂದವರ ಕೈಗೆ ಒಂದು ಹಲಗೆಯನ್ನೂ ಕೊಡಲಿಲ್ಲ.

ಪದ್ಧತಿಯಂತೆ ಹೆಂಗಸರು ಆಕೆಯ ಎರಡೂ ಕೈ ಜೋಡಿಸಿ, ಬೆರಳುಗಳಿಗೆ ಆ ಜಪಸರವನ್ನು ಸುತ್ತಿದ್ದರು. ಮುಚ್ಚಳ ಮುಚ್ಚುವ ಹೊತ್ತಿಗೆ ಬಡಗಿ ಬಗ್ಗಿದ. ಕೊನೆಯ ಸಲ ಮುತ್ತಿಡುತ್ತಾನೆಂದು ಎಲ್ಲರೂ ತಿಳಿದರು. ಅವನು ಜಪಸರವನ್ನು ಒಂದೊಂದೇ ಬೆರಳಿನಿಂದ ಬಿಡಿಸಿ ಜೇಬಿಗೆ ಹಾಕಿಕೊಂಡ. ಬರಿಗೈಯಲ್ಲಿ ಯಾರನ್ನಾದರೂ ಮಣ್ಣಿಗೆ ಕಳಿಸುವುದುಂಟೇ?

"ಲೋ, ಏನ್ ಮಾಡ್ತಿದ್ದೀಯೋ? ಹೆತ್ತವ್ವನ ಕೈ ಬರಿದು ಮಾಡ್ತೀಯಾ?" ಎಂದು ಊರ ಉಪದೇಶಿ ಕೂಗಿದ.

"ಬರಿದು ಮಾಡ್ದೋಳು ಗುಡ್ಡದ ಮ್ಯಾಲವಳೆ, ಅವಳ್ನ ಕೇಳು" ಎಂದ ಬಡಗಿ. "ಇದು ಎಲ್ಲಿಂದ ಬಂತೋ ಅಲ್ಲಿಗೇ ತಕ್ಕೊಂಡೋಗಿ ಅವಳ ಮುಖದ ಮ್ಯಾಲೆ ಎಸೀತೀನಿ. ಆಮ್ಯಾಕೆ ಅವಳ್ಯಾರೋ ನಾನ್ಯಾರೋ."

ಸಾವಿನ ಮನೆಗೆ ಮಾತು ಹೊತ್ತು ತರುವವರಿಗೆ ಯಾವ ಕಾಲದಲ್ಲೂ ಬರವಿಲ್ಲ. ಒಬ್ಬ ಬಂದು, ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನಪ್ಪ ಎಂದ. "ಹಂಗಾದ್ರೆ ನಿಮ್ಮನೆ ಕಡೀಕೆ ಅವನು ತಲೆ ಹಾಕಾಕಿಲ್ಲ ಬಿಡಿ" ಎಂದು ಬಡಗಿ ಬಾಗಿಲು ತೋರಿಸಿದ. ಇನ್ನೊಬ್ಬ ಬಂದು, ಹರಕೆ ಹೊರುವಾಗ ನಿನ್ನ ನಂಬಿಕೆಯಲ್ಲೇ ಏನೋ ಕೊರತೆ ಇದ್ದಿರಬೇಕು ಎಂದ. ಬಡಗಿ ಉಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅವನನ್ನು ನೋಡಿದ. ಆ ಮನುಷ್ಯ ಚಪ್ಪಲಿಯನ್ನೂ ಬಿಟ್ಟು ಓಡಿದ. ಗಾಯಕ್ಕೆ ಉಪ್ಪು ಸವರಿ ಅದನ್ನೇ ಮದ್ದೆನ್ನುವವರು ಇಷ್ಟಾದರೂ ಓಡಬೇಕಾದ್ದು ನ್ಯಾಯವೇ.

ಬಡಗಿ ದೇವಾಲಯಕ್ಕೆ ಹೋಗುವುದನ್ನು ಬಿಟ್ಟ. ಭಾನುವಾರದ ಗಂಟೆ ಹೊಡೆದರೆ ಬೇಕೆಂದೇ ಗರಗಸ ಹಿಡಿದು ಕೂರುತ್ತಿದ್ದ. ಗುಡ್ಡಕ್ಕೆ ಹೋಗುವುದಿದ್ದರೆ ಮಾತೆಯ ಹಬ್ಬಕ್ಕೆ ಹೋಗು, ಎಲ್ಲರೂ ಕಾವಿ ಉಟ್ಟು ಹಾಡುತ್ತಾ ನಡೆಯುತ್ತಾರೆ, ಅವರ ಜೊತೆಯಲ್ಲಾದರೂ ನಿನ್ನ ಮನಸ್ಸು ಹಗುರಾದೀತು ಎಂದು ನೆರೆಯವರು ಹೇಳಿದರು. ಹಗುರಾಗುವುದು ಅವನಿಗೆ ಬೇಕಿರಲಿಲ್ಲ. ಹಬ್ಬದ ಗದ್ದಲದಲ್ಲಿ ಅವಳಿಗೆ ತನ್ನ ಮಾತು ಕೇಳಿಸುವುದಿಲ್ಲ, ಒಬ್ಬಳೇ ಇರುವಾಗ ಹೋಗಿ ಹಿಡಿಯಬೇಕು ಎಂದುಕೊಂಡ. ಕೆಲಸದ ಬಟ್ಟೆಯಲ್ಲೇ ಒಂದು ದಿನ ಹೊರಟುಬಿಟ್ಟ.

ಯಾತ್ರೆ ಹೋಗುವವರು ದಾರಿಯುದ್ದಕ್ಕೂ ಜಪ ಮಾಡುತ್ತಾರೆ. ಇವನು ದಾರಿಯುದ್ದಕ್ಕೂ ಬೈಗುಳ ಜೋಡಿಸಿದ. ನಮ್ಮವ್ವ ನಿನಗೆ ಏನು ಕಮ್ಮಿ ಮಾಡಿದ್ದಳು? ಮೈ ಸುಡುವ ಜ್ವರದಲ್ಲೂ ನಿನ್ನ ಜಪ ತಪ್ಪಿಸಲಿಲ್ಲ. ನಿನ್ನ ಹೆಸರನ್ನೇ ಹೇಳುತ್ತಿದ್ದ ಬಾಯನ್ನು ಮುಚ್ಚಿಸಲು ನಿನಗೆ ಮನಸ್ಸಾದರೂ ಹೇಗೆ ಬಂತು? ಹೀಗೆ ಒಂದೊಂದನ್ನೂ ಉಜ್ಜಿ ಉಜ್ಜಿ ಚೂಪು ಮಾಡಿಕೊಂಡ. ಒಂದು ತಿರುವಿನಲ್ಲಿ ನೋಡುತ್ತಾನೆ, ಜೇಬಿನೊಳಗಿದ್ದ ಕೈಬೆರಳು ತನ್ನಷ್ಟಕ್ಕೆ ತಾನೇ ಮಣಿಯಿಂದ ಮಣಿಗೆ ಸರಿಯುತ್ತಿದೆ. ಕೆಂಡ ಮುಟ್ಟಿದವನಂತೆ ಕೈ ಈಚೆಗೆಳೆದ. ಆಮೇಲೆ ಗುಡ್ಡ ಸಿಗುವ ತನಕ ಜೇಬಿಗೆ ಕೈ ಹಾಕಲಿಲ್ಲ.

ಮಟಮಟ ಮಧ್ಯಾಹ್ನ ಗುಡ್ಡ ಹತ್ತಿ ದೇವಾಲಯದೊಳಗೆ ಕಾಲಿಟ್ಟ. ಬಾಗಿಲ ಬಳಿಯ ತೀರ್ಥದ ಬೋಗುಣಿ ಒಣಗಿತ್ತು. ಬಲಿಪೀಠದ ಮೇಲೆ ಹೊದಿಕೆಯಿಲ್ಲ, ಹೂವಿಲ್ಲ, ದೀಪವಿಲ್ಲ. ಪರಮಪ್ರಸಾದ ಇಡುವ ಪೆಟ್ಟಿಗೆಯ ಬಾಗಿಲು ತೆರೆದೇ ಇತ್ತು, ಒಳಗೆ ಏನೂ ಇರಲಿಲ್ಲ. ಇವನು ಯಾರ ಮುಖ ಹುಡುಕಿಕೊಂಡು ಬಂದಿದ್ದನೋ ಆ ಮಾತೆಯ ಪ್ರತಿಮೆಗೆ ನೆತ್ತಿಯಿಂದ ಪಾದದವರೆಗೆ ನೇರಳೆ ಬಣ್ಣದ ಬಟ್ಟೆ ಮುಸುಕಿತ್ತು.

ಅದು ಪವಿತ್ರ ವಾರದ ಶನಿವಾರ. ದೇವಾಲಯಕ್ಕೆ ಬೆನ್ನು ಹಾಕಿದವನಿಗೆ ಬೂದಿ ಹಚ್ಚುವ ಬುಧವಾರ ಬಂದದ್ದೂ ತಿಳಿಯಲಿಲ್ಲ, ಗರಿಗಳ ಭಾನುವಾರ ಹೋದದ್ದೂ ತಿಳಿಯಲಿಲ್ಲ. ಯೇಸು ಸಮಾಧಿಯಲ್ಲಿರುವ ದಿನ ಅದು. ಹುಟ್ಟು ಕ್ರೈಸ್ತನಾದವನು ವರ್ಷದಲ್ಲಿ ದೇವರ ಮನೆ ಬರಿದಾಗಿರುವ ಒಂದೇ ಒಂದು ದಿನ ಹುಡುಕಿದಂತೆ ಜಗಳಕ್ಕೆ ಬಂದಿದ್ದ. ಅವನ ಸಿಟ್ಟು ನೆತ್ತಿಗೇರಿತು. ಇಷ್ಟು ದೂರ ನಡೆಸಿ, ಎದುರಿಗೆ ಬಂದಾಗ ಮುಖ ಮುಚ್ಚಿಕೊಂಡಳಲ್ಲ ಎಂದು ಹಲ್ಲು ಕಡಿದ.

ಬಲಿಪೀಠದ ಮೆಟ್ಟಿಲನ್ನು ಒಬ್ಬಳು ಮುದುಕಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಬಡಗಿ ಅವಳ ಮೇಲೆ ಕೂಗಿದ.

"ಆ ಮುಸುಕು ತೆಗಿ. ನಾನು ಅವಳ ಮುಖ ನೋಡ್ಬೇಕು."

"ಇವತ್ತು ತೆಗೆಯಂಗಿಲ್ಲ ಕಣಪ್ಪ. ಮಗನ್ನ ಮಣ್ಣು ಮಾಡಿ ಬಂದವಳೆ. ಇವತ್ತು ಅವಳು ಯಾರ ಮುಖಾನೂ ನೋಡಾಕಿಲ್ಲ."

ಬಡಗಿ ಜಪಸರವನ್ನು ತೆಗೆದು ಬೀಸಿ ಎಸೆದ. ಅದು ಮುಸುಕಿಗೆ ತಗುಲಿ, ಸದ್ದಿಲ್ಲದೆ ಜಾರಿ ಕೆಳಗೆ ಬಿತ್ತು. ಇಷ್ಟು ದಿನ ಕಾದು ಮಾಡಿದ ಕೆಲಸ ಇಷ್ಟೇ ಆಯಿತಲ್ಲ ಎಂದು ಅವನಿಗೆ ಇನ್ನಷ್ಟು ಉರಿಯಿತು.

"ಅವಳಿಗೇನು! ಅವಳ ಮಗ ಮೂರನೇ ದಿನಕ್ಕೆ ಎದ್ದು ಬಂದ. ನಮ್ಮವ್ವ ಬತ್ತಾಳಾ? ಹೇಳು, ಬತ್ತಾಳಾ?"

ಅವನ ಕೂಗು ಆ ಖಾಲಿ ಗೋಡೆಗಳಿಗೆಲ್ಲ ಬಡಿಯಿತು. ಮುದುಕಿ ಬೆಚ್ಚಲಿಲ್ಲ, ಬೈಯಲೂ ಇಲ್ಲ. ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದಳು. ಸೆರಗಿಗೆ ಕೈ ಒರೆಸಿಕೊಂಡಳು. ಬಿದ್ದಿದ್ದ ಜಪಸರವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಆ ಒದ್ದೆ ಮೆಟ್ಟಿಲ ಮೇಲೆಯೇ ಕುಳಿತಳು.

"ಅವನು ನಾಳೆ ಎದ್ದು ಬಂದ ಕಣಪ್ಪ" ಎಂದಳು. "ಇವತ್ತು ಎಲ್ಲಿ ಬಂದಿದ್ದ?"

ನಡೆದು ನಡೆದು ಬಡಗಿಯ ಕಾಲು ಸೋತಿದ್ದವು. ಅವನೂ ಕುಳಿತ. ಕುಳಿತುಕೊಂಡು, ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಬೈಗುಳವನ್ನೆಲ್ಲ ಮುಸುಕಿನ ಕಡೆಗೆ ಮುಖ ಮಾಡಿ ಒಂದೂ ಬಿಡದೆ ಬೈದ. ಮುದುಕಿ ಅವನನ್ನು ತಡೆಯಲಿಲ್ಲ. ನಡುನಡುವೆ "ಹೂಂ ಕಣಪ್ಪ" ಎನ್ನುತ್ತಿದ್ದಳು, ಅಷ್ಟೇ. ಬೈಗುಳದ ಒಳಗೆ ಅಳು ಎಲ್ಲಿ ಸೇರಿಕೊಂಡಿತೋ ಅವನಿಗೇ ಗೊತ್ತಾಗಲಿಲ್ಲ. ಅವ್ವನಿಗೆ ಮುಚ್ಚಳ ಮುಚ್ಚಿದಾಗ ಬಾರದ ಅಳು ಆಗ ಬಂತು. ಬೈಯುವುದೂ ಅಳುವುದೂ ಮುಗಿದ ಮೇಲೆ ಇಬ್ಬರೂ ಅಲ್ಲೇ ಕುಳಿತಿದ್ದರು. ಮುದುಕಿ ಒಂದು ಜಪವನ್ನೂ ಹೇಳಿಕೊಡಲಿಲ್ಲ. ಅವಳು ಒರೆಸಬೇಕಾಗಿದ್ದ ಮೆಟ್ಟಿಲು ಹಾಗೆಯೇ ಉಳಿದವು.

ಹೊತ್ತಿಳಿಯಿತು. ಯೇಸು ಎದ್ದು ಬಂದ ಪಾಸ್ಕ ಹಬ್ಬದ ಜಾಗರಣೆಗೆ ಹೊಸ ಬಟ್ಟೆ ಉಟ್ಟವರು ಒಬ್ಬೊಬ್ಬರಾಗಿ ಬರತೊಡಗಿದರು. ಬಡಗಿ ಎದ್ದು ನಿಂತ. ಇನ್ನೇನು ಗಂಟೆ ಹೊಡೆಯುತ್ತಾರೆ, ಮುಸುಕು ತೆಗೆಯುತ್ತಾರೆ, ಹಬ್ಬ ಮುಗಿಸಿಕೊಂಡೇ ಹೋಗು ಎಂದು ಬಂದವರಲ್ಲಿ ಯಾರೋ ಹೇಳಿದರು. "ನನಗಿನ್ನೂ ಹಬ್ಬ ಬಂದಿಲ್ಲ" ಎಂದ. ಮುದುಕಿ ಜಪಸರವನ್ನು ಮುಂದೆ ಚಾಚಿದಳು. ತಗೋ ಎನ್ನಲಿಲ್ಲ, ಬಿಡು ಎನ್ನಲಿಲ್ಲ. ಅವನು ತೆಗೆದುಕೊಂಡ.

ಸಿಟ್ಟು ಇಳಿದಿರಲಿಲ್ಲ. ಇಳಿಯಿತೆಂದು ಹೇಳಿದರೆ ನಾನು ಸುಳ್ಳು ಹೇಳಿದಂತೆ. ಊರಿಗೆ ಬಂದಾಗ ಉಪದೇಶಿ ದಾರಿಗೆ ಅಡ್ಡ ನಿಂತು, "ಏನೋ, ಎಸೆದೆಯಾ ಅವಳ ಮುಖಕ್ಕೆ?" ಎಂದು ಚುಚ್ಚಿದ.

"ಎಸೆದೆ. ಅವಳೂ ಮುಖ ಮುಚ್ಕೊಂಡು ನಿಂತವಳೆ" ಎಂದ ಬಡಗಿ.

ಮುಂದಿನ ಭಾನುವಾರ ಅವನು ದೇವಾಲಯಕ್ಕೆ ಹೋದ. ಎಲ್ಲರ ಹಿಂದೆ, ಮುಖ ಗಂಟು ಹಾಕಿಕೊಂಡು ಕೂತ. ಒಂದು ಹಾಡಿಗೂ ದನಿಗೂಡಿಸಲಿಲ್ಲ. ಅದೆಂಥ ಭಕ್ತಿಯಪ್ಪ ಎಂದು ಊರವರು ಆಡಿಕೊಂಡರು. ಊರ ಬಾಯಿ ಮುಚ್ಚಿಸಲು ಅವನು ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಬಂದು ಅಲ್ಲೇ ಕೂತ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಇನ್ನೂ ಏನೋ ಇದೆಯೆಂದು ಕಾದ. ಏನೂ ಬಾರದಾಗ ತಾನೇ ಕೇಳಿದ.

"ಗುರುಗಳೇ, ಆ ಮುದುಕಿ ಅಷ್ಟು ಹೊತ್ತು ಅವನ ಜೊತೆಗಿದ್ದಳಲ್ಲ. ಸತ್ತವರು ಮತ್ತೆ ಏಳುತ್ತಾರೆಂಬ ಮಾತನ್ನು ಅವನಿಗೆ ಯಾಕೆ ಹೇಳಲಿಲ್ಲ? ನಾನು ಆ ಹೆಣ್ಣುಮಗಳಿಗೆ ಮೊದಲು ಹೇಳಿದ್ದೇ ಅದನ್ನು."

ಗುರುಗಳು ತಿರುಗಿ ಒಂದೇ ಮಾತು ಕೇಳಿದರು.

"ಅವಳ ಮನೆಯಲ್ಲಿ ನೀನು ಎಷ್ಟು ಹೊತ್ತು ಕುಳಿತಿದ್ದೆ?"