ಮೂಲೆ ಸವೆದ ನಟ್ಟು

ತುಂಗಭದ್ರೆಯ ದಂಡೆಯಲ್ಲಿ, ಸೇತುವೆ ಇಳಿಯುವ ಕಡೆ, ಹಲೀಮಾಬಿಯ ಗ್ಯಾರೇಜು. ಒಂದು ತಗಡಿನ ಚಪ್ಪರ, ಒಂದು ಹುಣಸೆಮರ, ಅಷ್ಟೇ. ಅಪ್ಪನಿಂದ ಕಲಿತ ಕೆಲಸವನ್ನು ಆಕೆ ನಲವತ್ತು ವರ್ಷದಿಂದ ಮಾಡುತ್ತ ಬಂದಿದ್ದಳು. ಆಳು ಸಣ್ಣ, ಕೈ ಇನ್ನೂ ಸಣ್ಣ.

ಶಿಷ್ಯ ತಿಪ್ಪೇಶನದು ಕಂಬದಂಥ ತೋಳು. ಹತ್ತು ವರ್ಷ ಕುಸ್ತಿ ಆಡಿದವನು. ಮಂಡಿ ಪೆಟ್ಟಾದ ಮೇಲೆ ಗರಡಿ ಬಿಟ್ಟು, ಮೂವತ್ತೆರಡನೇ ವಯಸ್ಸಿಗೆ ನಟ್ಟು ಬಿಚ್ಚುವ ಪಾನಾ ಹಿಡಿದಿದ್ದ.

ಒಂದು ಬೆಳಿಗ್ಗೆ ಒಂದು ಕಾರು ಕುಂಟುತ್ತ ಬಂದು ನಿಂತಿತು. ಅದರ ನೆತ್ತಿಯ ಮೇಲೆ ಹಗ್ಗ ಬಿಗಿದ ಮರದ ತೊಟ್ಟಿಲು. ಒಳಗಿಂದ ಚನ್ನವೀರಪ್ಪ, ಅವನ ಹೆಂಡತಿ ನೀಲಾಂಬಿಕೆ ಇಳಿದರು.

“ನನ್ನ ತಂಗಿಗೆ ಮದುವೆಯಾಗಿ ಹನ್ನೆರಡು ವರ್ಷಕ್ಕೆ ಹೆಣ್ಣು ಕೂಸು ಹುಟ್ಟಿದೆ,” ಎಂದ ಚನ್ನವೀರಪ್ಪ. “ಮಧ್ಯಾಹ್ನ ತೊಟ್ಟಿಲಿಗೆ ಹಾಕಿ ಹೆಸರಿಡಬೇಕು. ತೊಟ್ಟಿಲು ನೋಡಿದ್ರೆ ಇಲ್ಲಿದೆ, ಗಾಡಿ ಪಂಕ್ಚರು!”

“ನಾವು ಹೋಗದಿದ್ರೆ ಕೂಸಿಗೆ ಮೊರವೇ ಗತಿ,” ಎಂದಳು ನೀಲಾಂಬಿಕೆ.

“ಸ್ಟೆಪ್ನಿ ಇದೆ ತಾನೆ? ಹತ್ತು ನಿಮಿಷ,” ಎಂದ ತಿಪ್ಪೇಶ.

ಕೈಗೆ ಸಿಕ್ಕಿದ್ದು ಬಾಯಿ ಸವೆದ ಪಾನಾ. ಒಳ್ಳೆಯದು ಚಪ್ಪರದೊಳಗಿತ್ತು, ಇಪ್ಪತ್ತು ಹೆಜ್ಜೆ ದೂರ. ಯಾರು ಹೋಗಬೇಕು ಎಂದುಕೊಂಡ. ಮೂರು ನಟ್ಟು ಬಿಚ್ಚಿಕೊಂಡವು. ನಾಲ್ಕನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಪಾನಾದ ಹಿಡಿಗೆ ಉದ್ದನೆ ಪೈಪು ಸಿಕ್ಕಿಸಿ, ಎದುರಾಳಿಯನ್ನು ಎತ್ತಿ ಒಗೆಯುವವನಂತೆ ಅದುಮಿದ. ಕರ್ರ್ ಎಂದಿತು. ಇನ್ನೊಮ್ಮೆ ಅದುಮಿದ. ಮತ್ತೆ ಕರ್ರ್. ಬಗ್ಗಿ ನೋಡಿದರೆ ನಟ್ಟಿನ ಮೂಲೆಗಳೇ ಇಲ್ಲ. ಗೋಲಿಯ ಹಾಗೆ ಗುಂಡಗಾಗಿತ್ತು.

ಹಲೀಮಾಬಿ ಬಂದಳು. “ಏನಾಯ್ತು?”

“ನಟ್ಟು ಮೊದಲೇ ಸವೆದಿತ್ತಮ್ಮ.” ಯೋಚಿಸುವ ಮುಂಚೆಯೇ ಮಾತು ಬಾಯಿಂದ ಹೊರಬಿದ್ದಿತ್ತು.

ಆಕೆ ನಟ್ಟಿನ ಮೇಲೆ ಬೆರಳಾಡಿಸಿದಳು. ಹೊಸದಾಗಿ ತರಚಿದ ಕಬ್ಬಿಣ ಫಳಫಳ ಹೊಳೆಯುತ್ತಿತ್ತು. ನಟ್ಟಿನ ಬುಡಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟು, ಪುಟ್ಟ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿದಳು.

“ಕೂತ್ಕೊ,” ಎಂದಳು.

“ಕೂರೋಕೆ ಟೈಮೆಲ್ಲಿದೆ? ಉಳಿ ಕೊಡಿ, ಒಡೆದೇ ತೆಗೀತೀನಿ.”

“ಎಣ್ಣೆ ಇಳೀಬೇಕು. ಕೂತ್ಕೊ.”

ಹುಣಸೆಮರದ ನೆರಳಿಗೆ ಚಹಾ ಬಂತು. ನೀಲಾಂಬಿಕೆ ಜೋಗುಳದ ಪದ ನೆನಪು ಮಾಡಿಕೊಳ್ಳುತ್ತ ಸಣ್ಣಗೆ ಹಾಡಿದಳು. ಚನ್ನವೀರಪ್ಪನೂ ದನಿ ಸೇರಿಸಿದ. ಅವನ ರಾಗಕ್ಕೆ ಮರದ ಮೇಲಿದ್ದ ಕಾಗೆ ಎದ್ದು ಹೋಯಿತು. ಹಲೀಮಾಬಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ತಿಪ್ಪೇಶನಿಗೆ ನಗು ಬರಲಿಲ್ಲ. “ಎಣ್ಣೆ ಇಳೀತಾ ಅಮ್ಮ?”

“ಇನ್ನೂ ಇಲ್ಲ.”

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ. “ಈಗ?”

ಆಕೆ ನಟ್ಟಿನ ಕಡೆ ತಿರುಗಲೂ ಇಲ್ಲ. ಅವನನ್ನೇ ನೋಡಿ ಹೇಳಿದಳು: “ಇನ್ನೂ ಇಲ್ಲ.”

ಚನ್ನವೀರಪ್ಪ ಲೋಟ ಕೆಳಗಿಟ್ಟ. “ಇದು ನಮ್ಮೂರ ಮೆಕ್ಯಾನಿಕ್ಕನದೇ ಕೆಲಸ. ಹೋದ ತಿಂಗಳು ಚಕ್ರ ಹಾಕಿದ್ದು ಅವನೇ. ಊರಿಗೆ ಹೋಗಿ ಅವನಿಗೆ ಸರಿಯಾಗಿ ಮಾಡ್ತೀನಿ.”

ತಿಪ್ಪೇಶ ನಟ್ಟಿನ ಕಡೆ ತಿರುಗಿ ನೋಡಿದ. ಕಾಣದ ಆ ಮನುಷ್ಯ, ಯಾರದೋ ಗಾಡಿಯ ಕೆಳಗೆ ಮಲಗಿ, ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರಬಹುದು.

“ಅವನಲ್ಲ ಅಣ್ಣಾರೇ,” ಎಂದ. “ಒಳ್ಳೆ ಪಾನಾ ಒಳಗಿತ್ತು. ನಾನು ತರೋಕೆ ಹೋಗ್ಲಿಲ್ಲ. ನಟ್ಟು ಚೆನ್ನಾಗೇ ಇತ್ತು, ನಾನೇ ಕೆಡಿಸಿದ್ದು.”

ಇನ್ನು ಬೈಗುಳ ಬರುತ್ತದೆಂದು ತಲೆ ತಗ್ಗಿಸಿ ಕೂತ.

ಹಲೀಮಾಬಿ ಸೆರಗು ಕೊಡವಿ ಎದ್ದಳು. “ಎಣ್ಣೆ ಇಳೀತು. ಏಳು.”

ನಟ್ಟಿನ ತಲೆಗೆ ಟೋಪಿಯಂತೆ ಕೂರುವ ಬಾಕ್ಸ್ ಪಾನಾಗಳನ್ನು ಆಕೆ ಹರಡಿದಳು. ಅಳತೆಗಿಂತ ಕೂದಲೆಳೆಯಷ್ಟು ಚಿಕ್ಕದನ್ನು ಆರಿಸಿದಳು. “ಇದನ್ನ ಸುತ್ತಿಗೆಯಿಂದ ಹೊಡೆದು ಕೂರಿಸು.”

ಅವನು ಕೂರಿಸಿದ. ಬಿಗಿಯಾಗಿ ಕಚ್ಚಿಕೊಂಡಿತು. ಪೈಪಿಗೆ ಕೈ ಹಾಕಿದ. ಆಕೆ ಪೈಪು ಕಿತ್ತುಕೊಂಡು ಗೇಣುದ್ದದ ಹಿಡಿ ಕೊಟ್ಟಳು.

“ಇಷ್ಟು ಗಿಡ್ಡದಾದ್ರೆ ಬಲ ಸಾಲಲ್ಲಮ್ಮ.”

“ನಿನ್ನ ಬಲಕ್ಕೆ ಇದೇ ಜಾಸ್ತಿ. ಈಗ ಬಿಗಿ ಮಾಡು.”

“ಬಿಚ್ಚಬೇಕಲ್ವಾ?”

“ಬಿಗಿ ಮಾಡು. ಒಂದು ಎಳ್ಳಿನಷ್ಟು.”

ಬಿಗಿ ಮಾಡಿದ. ಕಬ್ಬಿಣದೊಳಗೆ ಏನೋ ಟಕ್ ಎಂದದ್ದು ಅಂಗೈಗೆ ತಿಳಿಯಿತು. ಕುಸ್ತಿಯಲ್ಲಿ ಎದುರಾಳಿಯ ಉಸಿರು ಸಡಿಲವಾಗುವುದು ಹೀಗೇ ತಿಳಿಯುತ್ತಿತ್ತು.

“ಈಗ ಈ ಕಡೆ. ಎಳ್ಳಿನಷ್ಟೇ.”

ಒಂದು ಎಳ್ಳು ಆ ಕಡೆ, ಎರಡು ಎಳ್ಳು ಈ ಕಡೆ. ನಡುವೆ ಒಂದು ಹನಿ ಎಣ್ಣೆ. ನಟ್ಟು ಕಿರ್ ಎಂದಿತು, ಮತ್ತೆ ಕಿರ್ ಎಂದಿತು, ಆಮೇಲೆ ಸುಮ್ಮನಾಗಿ ತಿರುಗತೊಡಗಿತು.

“ಬಂತು! ಬಂತು!” ಎಂದು ಚನ್ನವೀರಪ್ಪ ಕುಣಿದ. ತಿಪ್ಪೇಶ ಗುಂಡು ನಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಪಂದ್ಯ ಗೆದ್ದ ದಿನವೂ ನಗದಷ್ಟು ನಕ್ಕ. ನೀಲಾಂಬಿಕೆ ಅವನ ಕೈಗೆ ಒಂದು ಹಿಡಿ ಕೊಬ್ಬರಿ ಸಕ್ಕರೆ ಹಾಕಿದಳು.

ಬೇರೆ ಚಕ್ರ ಏರಿಸಿದರು. ಹಲೀಮಾಬಿ ಡಬ್ಬದಿಂದ ಹೊಸ ನಟ್ಟು ತೆಗೆದು ಕೊಟ್ಟಳು. ತಿಪ್ಪೇಶ ಎಣ್ಣೆ ಒರೆಸಿ, ಬೆರಳಲ್ಲೇ ತಿರುಗಿಸಿ ಕೂರಿಸಿದ. ಆಮೇಲೆ ಇಪ್ಪತ್ತು ಹೆಜ್ಜೆ ನಡೆದು ಹೋಗಿ ಒಳ್ಳೆ ಪಾನಾ ತಂದ.

ನಟ್ಟಿನ ಮೇಲೆ ಇಟ್ಟವನು ಅಲ್ಲೇ ಕೈ ತಡೆದ.

“ಅಮ್ಮ, ಎಷ್ಟು ಬಿಗಿ ಮಾಡ್ಲಿ?”

“ದಾರೀಲಿ ಕಳಚಬಾರದು,” ಎಂದಳು ಹಲೀಮಾಬಿ. “ಮುಂದೆ ಬಿಚ್ಚೋಕೆ ಬರೋನು ಅಳಬಾರದು. ಅಷ್ಟು.”