ಕೆಂಗಣ್ಣ ನಾಯಕನ ಬಿಕ್ಕಳಿಕೆ

ಸೀಗೆದುರ್ಗದ ಪಾಳೇಗಾರ ಮುಮ್ಮಡಿ ಕೆಂಗಣ್ಣ ನಾಯಕನಿಗೆ ಎರಡು ಚಟ. ಒಂದು ಹಲಸಿನ ಹಣ್ಣು, ಇನ್ನೊಂದು ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುವುದು. ಆ ದಿನ ಬೆಳಗ್ಗೆ ಮೊದಲನೆಯದನ್ನು ಹೊಟ್ಟೆ ಬಿರಿಯುವಷ್ಟು ಮುಗಿಸಿ, ಎರಡನೆಯದಕ್ಕೆಂದು ಒಡ್ಡೋಲಗಕ್ಕೆ ಬಂದು ಕೂತಿದ್ದ.

ಎದುರಿಗೆ ಸಿದ್ದವ್ವ ಎಂಬ ಮುದುಕಿ ನಿಂತಿದ್ದಳು. ಅವಳ ಹಿತ್ತಲಿನಲ್ಲಿ ಒಂದು ಹಲಸಿನ ಮರ. ಅದರ ಹಣ್ಣು ಮಾರಿಯೇ ಅವಳ ಮನೆಯ ಒಲೆ ಉರಿಯಬೇಕು. ಆಚೆ ತಿಂಗಳು ಅರಮನೆಯ ಗೋಡೆ ರಿಪೇರಿ ಆಯಿತು. ಮುಗಿದ ಮೇಲೆ ನೋಡಿದರೆ ಮರ ಗೋಡೆಯ ಒಳಗಿದೆ, ಸಿದ್ದವ್ವ ಹೊರಗಿದ್ದಾಳೆ. ಆಸ್ಥಾನದವರು, ಮರಕ್ಕೆ ಪ್ರಭುಗಳ ಮೇಲೆ ಎಷ್ಟು ಭಕ್ತಿ ನೋಡಿ, ತಾನಾಗಿ ಒಳಗೆ ಬಂದುಬಿಟ್ಟಿತು ಎಂದರಂತೆ.

ನಾಯಕ ಮೀಸೆ ನೀವಿ ತೀರ್ಪು ಕೊಟ್ಟ. "ಗೋಡೆಯೊಳಗಿನದೆಲ್ಲ ನಮ್ಮದು. ಈ ಸೀಮೆಯಲ್ಲಿ ನಮ್ಮ ಅಪ್ಪಣೆ ಮೀರಿ ಒಂದು ಇರುವೆ ಕೂಡ... ಹಿಕ್."

ಇರುವೆ ಕೂಡ ಏನು ಮಾಡುವುದಿಲ್ಲ ಎಂದು ತಿಳಿಯಲು ಸಭೆ ಕಾಯಿತು. ನಾಯಕ ಮತ್ತೆ ಬಾಯಿ ತೆರೆದ, ಮತ್ತೆ ಹಿಕ್. ಪ್ರಭುಗಳು ಆಕಳಿಸಿದರೆ ಚಿಟಿಕೆ ಹೊಡೆಯಬೇಕೆಂಬ ನಿಯಮ ಎಲ್ಲರಿಗೂ ಗೊತ್ತಿತ್ತು. ಬಿಕ್ಕಳಿಸಿದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲವರು ಯಾವುದಕ್ಕೂ ಇರಲಿ ಎಂದು ತಾವೂ ಬಿಕ್ಕಳಿಸಿದರು.

ಇರುವೆಗಿಂತ ಸಣ್ಣದೊಂದು ತನ್ನ ಅಪ್ಪಣೆ ಮೀರಿದ್ದು ಕಂಡು ನಾಯಕನಿಗೆ ರೇಗಿತು. ಸಂಜೆಯೊಳಗೆ ನಿಲ್ಲಿಸದಿದ್ದರೆ ವೈದ್ಯಶಾಲೆಗೆ ಬೀಗ, ವೈದ್ಯರಿಗೆಲ್ಲ ಗಡಿಪಾರು ಎಂದು ಕಂತು ಕಂತಾಗಿ ಅಪ್ಪಣೆ ಕೊಟ್ಟ.

ಬಿಕ್ಕಳಿಕೆಗೆ ಮದ್ದು ಗೊತ್ತಿಲ್ಲದವರು ಲೋಕದಲ್ಲಿ ಯಾರಿದ್ದಾರೆ ಹೇಳಿ. ಒಬ್ಬ ಶುಂಠಿರಸಕ್ಕೆ ಬೆಲ್ಲ ಹಾಕಿ ತಂದ. ಆದರೆ ವಿಷಪರೀಕ್ಷೆಯವರು ಸಾಲಾಗಿ ನಿಂತು ಒಂದೊಂದು ಗುಟುಕು ನೋಡುವಷ್ಟರಲ್ಲಿ ನಾಯಕನ ಪಾಲಿಗೆ ಬಟ್ಟಲಿನ ವಾಸನೆ ಉಳಿಯಿತು. ಇನ್ನೊಬ್ಬ ಉಸಿರು ಬಿಗಿಹಿಡಿಯಬೇಕು ಎಂದ. ಪ್ರಭುಗಳಿಗಿಂತ ಮೊದಲು ಪ್ರಜೆಗಳು ಹಿಡಿಯುವುದು ಶಿಷ್ಟಾಚಾರವಾದ್ದರಿಂದ ಸಭೆಯೆಲ್ಲ ಹಿಡಿಯಿತು. ಆಸ್ಥಾನಕವಿಗಳು ಮೂರ್ಛೆ ಹೋದರು.

ಕೊನೆಗೆ ಬಂದವನು ದೂರದೇಶದ ಒತ್ತುಪಂಡಿತ. ಅಂಗಾಲಿನಲ್ಲಿ, ಕಿವಿಯ ಹಿಂದೆ, ಹೆಬ್ಬೆರಳಿನ ಬುಡದಲ್ಲಿ ಬಿಂದುಗಳಿವೆ, ಸರಿಯಾದ ಬಿಂದು ಒತ್ತಿದರೆ ಬಿಕ್ಕಳಿಕೆ ಓಡುತ್ತದೆ ಎಂದ. ಆದರೆ ಸೀಗೆದುರ್ಗದಲ್ಲಿ ಪ್ರಭುಗಳ ಮೈ ಮುಟ್ಟುವಂತಿರಲಿಲ್ಲ. ಮುಟ್ಟಲೇಬೇಕಾದ ಚಿಕಿತ್ಸೆಯನ್ನು ಪ್ರಧಾನಿಯ ಮೈಮೇಲೆ ಮಾಡುವುದು ಅಲ್ಲಿಯ ಪದ್ಧತಿ. ಪಂಡಿತ ಪ್ರಧಾನಿ ವೆಂಕಪ್ಪಯ್ಯನ ಅಂಗಾಲು ಹಿಡಿದು ಒತ್ತಿದ. ಪ್ರಧಾನಿ ಕಿರುಚಿದ, ನಾಯಕ ಬಿಕ್ಕಳಿಸಿದ. ಕಿವಿಯ ಹಿಂದೆ ಒತ್ತಿದ. ಪ್ರಧಾನಿಗೆ ಹಳೆಯ ತಲೆನೋವು ವಾಸಿಯಾಯಿತು, ನಾಯಕ ಬಿಕ್ಕಳಿಸಿದ.

ಬಿಸಿಲು ಇಳಿಯುತ್ತಿತ್ತು. ಸಿದ್ದವ್ವ ಇನ್ನೂ ಅಲ್ಲೇ ನಿಂತಿದ್ದಳು. ಅವಳಿಗೆ ಹೋಗು ಎನ್ನುವಷ್ಟು ಪುರುಸೊತ್ತನ್ನೂ ಬಿಕ್ಕಳಿಕೆ ನಾಯಕನಿಗೆ ಕೊಟ್ಟಿರಲಿಲ್ಲ. ಆಗ ವಿದೂಷಕ ಗುಮ್ಮಣ್ಣ, ಅದುವರೆಗೆ ಕಂಬಕ್ಕೊರಗಿ ತಮಾಷೆ ನೋಡುತ್ತಿದ್ದವನು, ಎದ್ದು ನೇರ ಸಿಂಹಾಸನದ ಮುಂದೆ ಬಂದ.

"ಏನು ಪ್ರಭು," ಎಂದ, ಇಡೀ ಸಭೆಗೆ ಕೇಳುವಂತೆ, "ಸಿದ್ದವ್ವನ ಹಲಸಿನ ಮರ ಕದ್ದಿರಂತೆ?"

ಸಭೆ ಈ ಸಲ ಯಾರೂ ಹೇಳದೆಯೇ ಉಸಿರು ಬಿಗಿಹಿಡಿಯಿತು.

ನಾಯಕನ ಮುಖ ಕೆಂಪಾಯಿತು, ಕಪ್ಪಾಯಿತು. "ನಾನು ಕಳ್ಳನೇನೋ? ತುಂಬಿದ ಓಲಗದಲ್ಲಿ ನನ್ನನ್ನು ಕಳ್ಳ ಅಂತೀಯಾ? ಇವನನ್ನು ಆನೆಯ ಕಾಲಿಗೆ ಹಾಕಿ."

ಗುಮ್ಮಣ್ಣ ಕೈಮುಗಿದ. ಪ್ರಭುಗಳು ಇಷ್ಟುದ್ದ ಬೈದರೂ ಮಧ್ಯೆ ಒಂದೂ ಬಿಕ್ಕಳಿಕೆ ಬರಲಿಲ್ಲ ಎಂಬುದನ್ನು ಸಭೆ ಗಮನಿಸಬೇಕು ಎಂದು ವಿನಂತಿಸಿದ. ಹೌದಲ್ಲ ಎಂದು ಎಲ್ಲರೂ ಕಿವಿಗೊಟ್ಟರು. ನಾಯಕನೂ ಎದೆಯ ಮೇಲೆ ಕೈಯಿಟ್ಟು ಕಾದ. ಬರಲಿಲ್ಲ.

"ಇದು ಅಜ್ಜಿಯರ ಮದ್ದು ಪ್ರಭು. ಮಗುವಿಗೆ ಬಿಕ್ಕಳಿಕೆ ಹತ್ತಿದರೆ, ಬೆಣ್ಣೆ ಕದ್ದೆಯಂತೆ, ಉಂಡೆ ಕದ್ದೆಯಂತೆ ಅಂತ ಇಲ್ಲದ ಕಳ್ಳತನ ಹೊರಿಸುತ್ತಾರೆ. ಮಗು ದಂಗಾಗುತ್ತದೆ, ಬಿಕ್ಕಳಿಕೆ ನಿಲ್ಲುತ್ತದೆ. ಮೈ ಮುಟ್ಟುವ ಹಾಗಿಲ್ಲವಲ್ಲ, ಅದಕ್ಕೆ ಮುಟ್ಟದೆ ಒತ್ತಿದೆ."

"ಅಂದಮಾತ್ರಕ್ಕೆ ಬಿಡುತ್ತೇನೆಯೇ?"

"ಬಿಡಬೇಡಿ. ಒಂದೇ ಒಂದು ಮಾತು ತಿಳಿಸಿ, ಆನೆಯ ಹತ್ತಿರ ನಾನೇ ನಡೆದು ಹೋಗುತ್ತೇನೆ. ನಾನು ಹೊರಿಸಿದ್ದು ಸುಳ್ಳಾದರೆ ಅದು ಮದ್ದು. ವಾಸಿ ಮಾಡಿದ ವೈದ್ಯನನ್ನು ಆನೆಗೆ ಕೊಟ್ಟ ಅರಸು ಎಲ್ಲೂ ಇಲ್ಲ. ನಿಜವಾದರೆ ಅದು ಸಾಕ್ಷಿ. ಆಗ ಆನೆಯ ಕಾಲು ಯಾರಿಗೆ ಅಂತ ಧರ್ಮಶಾಸ್ತ್ರದವರನ್ನು ಕೇಳಬೇಕಾಗುತ್ತದೆ. ಸುಳ್ಳೋ ನಿಜವೋ, ಅಪ್ಪಣೆಯಾಗಲಿ."

ನಾಯಕ ಪ್ರಧಾನಿಯ ಕಡೆ ನೋಡಿದ. ಪ್ರಧಾನಿ ತನ್ನ ಅಂಗಾಲು ನೋಡಿಕೊಳ್ಳುತ್ತಿದ್ದ. ಧರ್ಮಶಾಸ್ತ್ರದವರು ಚಾವಣಿ ನೋಡುತ್ತಿದ್ದರು.

"ಸುಳ್ಳು," ಎಂದ ನಾಯಕ, ಹಲ್ಲು ಕಚ್ಚಿ.

"ಮರ ಕದ್ದಿಲ್ಲ?"

"ಇಲ್ಲ ಅಂದೆನಲ್ಲ."

ಗುಮ್ಮಣ್ಣ ಮುದುಕಿಯ ಕಡೆ ತಿರುಗಿದ. "ಕೇಳಿದೆಯಲ್ಲವ್ವ. ಪ್ರಭುಗಳು ನಿನ್ನ ಮರ ತಗೊಂಡೇ ಇಲ್ಲ. ಸುಮ್ಮನೆ ಬೆಳಗಿಂದ ನಿಂತಿದ್ದೀಯ. ಹೋಗಿ ಹಣ್ಣು ಇಳಿಸ್ಕೊ, ಜಾಸ್ತಿ ಕಳಿತರೆ ಕಾಗೆ ಪಾಲು."

"ಒಳಗೆ ಹೆಂಗೆ ಹೋಗ್ಲಪ್ಪ?" ಎಂದಳು ಸಿದ್ದವ್ವ. "ಗೋಡೆ ಐತಲ್ಲ."

"ಪ್ರಭುಗಳು ಕದ್ದಿಲ್ಲ ಅಂದಮೇಲೆ ತಪ್ಪಿ ಒಳಗೆ ಬಂದದ್ದು ಮರ ಅಲ್ಲ, ತಪ್ಪಿ ಹೊರಗೆ ಹೋದದ್ದು ಗೋಡೆ. ನಾಳೆ ವಾಪಸು ಬರುತ್ತದೆ. ಅಲ್ಲವೇ ಪ್ರಧಾನಿಗಳೇ?"

ತನ್ನ ಕಾಲು ಇನ್ನೊಮ್ಮೆ ಪಂಡಿತನ ಕೈಗೆ ಸಿಗದಿದ್ದರೆ ಸಾಕು ಎಂಬಂತೆ ಪ್ರಧಾನಿ ತಕ್ಷಣ ತಲೆಯಾಡಿಸಿದ. ನಾಯಕ ಸ್ವಲ್ಪ ಹೊತ್ತು ಗುಮ್ಮಣ್ಣನನ್ನೇ ದುರುಗುಟ್ಟಿ ನೋಡಿದ. ಆಮೇಲೆ ಅವನ ಹೊಟ್ಟೆ ಕುಲುಕಿತು. ಮತ್ತೆ ಬಿಕ್ಕಳಿಕೆಯೇನೋ ಎಂದು ವೈದ್ಯರು ಹೆದರಿದರು; ನಗೆ ಅದು. ಕೈಯ ಕಡಗ ಬಿಚ್ಚಿ ಗುಮ್ಮಣ್ಣನ ಕಡೆ ಎಸೆದ.

"ಒಳ್ಳೆಯ ಮದ್ದು ಕಣೋ. ಆದರೆ ಒಂದು ಸಲ ಕೇಳಿದ ಸುಳ್ಳಿಗೆ ಇನ್ನೊಂದು ಸಲ ದಂಗಾಗುವವರಿಲ್ಲ. ನಾಳೆ ಮತ್ತೆ ಬಿಕ್ಕಳಿಕೆ ಬಂದರೆ ಏನು ಮಾಡುತ್ತೀ?"

ಗುಮ್ಮಣ್ಣ ಕಡಗವನ್ನು ಕಣ್ಣಿಗೊತ್ತಿಕೊಂಡ.

"ಮದ್ದಿಗೇನು ಬರ ಪ್ರಭು. ಗೋಡೆಯೊಳಗೆ ಇನ್ನೂ ಕುಂಬಾರರ ಬಾವಿ ಇದೆ, ಮಠದ ಹುಣಸೆತೋಪು ಇದೆ, ಶಾನುಭೋಗರ ಎಮ್ಮೆಯೂ ಇದೆ. ತಾವು ಧಾರಾಳವಾಗಿ ಬಿಕ್ಕಳಿಸಿ."